ಕಾಲು ಮಿಲಿಮೀಟರಿನ ಮಾತು

ಓಲ್ಡ್ ರಾಜಿಂದರ್ ನಗರದ ನಮ್ಮ ಮನೆಯ ಮೆಟ್ಟಿಲ ಕೆಳಗೆ ಹದಿನಾರು ವರ್ಷ ಒಂದು ಜಾವಾ ಮೋಟಾರ್ ಸೈಕಲ್ಲು ಸುಮ್ಮನೆ ನಿಂತಿತ್ತು. ಮನೆಗೆ ಬಂದವರು ಅದನ್ನು ನೋಡಿ "ಇನ್ನೂ ಇಟ್ಟುಕೊಂಡಿದ್ದೀರಾ!" ಎನ್ನುವುದು, ನನ್ನಾಕೆ "ಅವರನ್ನೇ ಕೇಳಿ" ಎನ್ನುವುದು, ನಾನು ಚಪ್ಪಲಿ ಹುಡುಕುವವನ ಹಾಗೆ ಕೆಳಗೆ ಬಗ್ಗುವುದು, ಇವೆಲ್ಲ ವಾಡಿಕೆಯಾಗಿ ಹೋಗಿದ್ದುವು. ಕೇಳುವವರಿಗೆ ಕಾರಣ ಹೇಳಲು ನನಗೆ ನಾಚಿಕೆ. ಗಾಡಿ ನಿಂತದ್ದು ನನ್ನ ತಪ್ಪಿನಿಂದ. ಆ ತಪ್ಪಿನ ಅಳತೆ ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕೈದು ಪಾಲು.

ಗಾಡಿ ಅಣ್ಣನದು. ನಮ್ಮ ಮನೆಯಲ್ಲಿ ತಂದೆಯವರನ್ನು ಕರೆಯುವುದು ಹಾಗೆಯೇ. 1968ರಲ್ಲಿ ಅವರು ಅದನ್ನು ಮೈಸೂರಿನಲ್ಲಿ ಕೊಂಡರು. ಮೈಸೂರಿನವರಿಗೆ ಜಾವಾ ಎಂದರೆ ಮನೆಮಗಳಿದ್ದ ಹಾಗೆ. ಯಾದವಗಿರಿಯ ಐಡಿಯಲ್ ಜಾವಾ ಕಾರಖಾನೆ 1961ರಲ್ಲಿ ಕೆಲಸ ಪ್ರಾರಂಭಿಸಿತು. ಸಾಹಸ ಇರಾನಿ ಮನೆತನದವರದು, ಪ್ರೋತ್ಸಾಹ ಮಹಾರಾಜ ಜಯಚಾಮರಾಜ ಒಡೆಯರದು, ವಿದ್ಯೆ ಚೆಕೊಸ್ಲೊವಾಕಿಯಾದ್ದು. ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಏನೇನೂ ಸಂಬಂಧವಿಲ್ಲ. 1929ರಲ್ಲಿ ಯಾನೆಚೆಕ್ ಎಂಬ ಚೆಕ್ ಉದ್ಯಮಿ ವಾಂಡರರ್ ಎಂಬ ಜರ್ಮನ್ ಗಾಡಿಯ ಹಕ್ಕು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಅದರ ಮೊದಲೆರಡು ಅಕ್ಷರಗಳನ್ನೂ ಸೇರಿಸಿ ಇಟ್ಟ ಹೆಸರು ಅದು. ಮೈಸೂರಿನ ಗಾಡಿ 1973ರಲ್ಲಿ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರಖಾನೆ ನಿಂತಿತು. ಜಾವಾ ಹೆಸರಿನಲ್ಲಿ 2018ರಿಂದ ಬೇರೆ ಕಂಪೆನಿಯ ಹೊಸ ಗಾಡಿಗಳು ಬರುತ್ತಿವೆಯಾದರೂ ಅವಕ್ಕೂ ಇದಕ್ಕೂ ಒಂದು ತಿರುಪೂ ಹೊಂದುವುದಿಲ್ಲ.

1974ರಲ್ಲಿ ಅಣ್ಣನಿಗೆ ದೆಹಲಿಗೆ ವರ್ಗವಾದಾಗ ಗಾಡಿ ಗೋಣಿತಟ್ಟು ಸುತ್ತಿಸಿಕೊಂಡು ರೈಲಿನಲ್ಲಿ ಬಂತು. ನಮ್ಮನ್ನು ಕನ್ನಡ ಶಾಲೆಗೆ ಬಿಟ್ಟದ್ದು, ಅಮ್ಮನನ್ನು ಗಂಗಾರಾಮ್ ಆಸ್ಪತ್ರೆಗೆ ಕರೆದೊಯ್ದದ್ದು, ಯುಗಾದಿಗೆ ಬೇವಿನ ಸೊಪ್ಪು ತಂದದ್ದು, ಎಲ್ಲವೂ ಇದರ ಮೇಲೆಯೇ. ಈ ಗಂಗಾರಾಮರು ಲಾಹೋರಿನ ಹೆಸರಾಂತ ಎಂಜಿನಿಯರು. ಅವರ ಹೆಸರಿನ ಆಸ್ಪತ್ರೆ ದೇಶವಿಭಾಗವಾದ ಮೇಲೆ 1954ರಲ್ಲಿ ಇಲ್ಲಿ ತೆರೆಯಿತು. ನಮ್ಮ ಬಡಾವಣೆಯ ಮೊದಲ ಒಕ್ಕಲುಗಳೂ ಹಾಗೆಯೇ ಆಚೆಯಿಂದ ಬಂದ ಪಂಜಾಬಿಗಳು. ಊರು ಬಿಟ್ಟು ಬಂದವರ ನಡುವೆ ಊರು ಬಿಟ್ಟು ಬಂದ ನಾವೂ ಒಂದಾದೆವು. ಈಗಲಂತೂ ಬೀದಿಯ ತುಂಬ ಐ.ಎ.ಎಸ್. ಪರೀಕ್ಷೆಗೆ ಓದುವ ಮಕ್ಕಳು. ಅವರಲ್ಲಿ ಕನ್ನಡದ ಮಕ್ಕಳೂ ಉಂಟು. ಈ ಮಕ್ಕಳು ಗಾಡಿಯ ಬಳಿ ನಿಂತು ಫೋಟೋ ತೆಗೆದುಕೊಳ್ಳುವರು.

ಅಣ್ಣನಿಗೆ ಈಗ ಎಂಬತ್ತನಾಲ್ಕು. ಕಳೆದ ದೀಪಾವಳಿಯ ಮಾರನೆಯ ದಿನ, "ನಾನು ಮೈಸೂರಿಗೆ ಹೋಗಿ ತಮ್ಮನ ಮನೆಯಲ್ಲಿರುತ್ತೇನಪ್ಪ, ಈ ಹೊಗೆಯಲ್ಲಿ ಉಸಿರಾಡಲಾರೆ. ಗಾಡಿಯನ್ನೂ ಕಳಿಸು. ನಡೆಯುವ ಗಾಡಿಯಾಗಿ ಕಳಿಸು" ಎಂದರು. ದೆಹಲಿಯಲ್ಲಿ ಅದನ್ನು ಓಡಿಸುವ ಮಾತಿಲ್ಲ. ಹದಿನೈದು ವರ್ಷ ಮೀರಿದ ಪೆಟ್ರೋಲ್ ಗಾಡಿಗಳು ಇಲ್ಲಿ ರಸ್ತೆಗಿಳಿಯಕೂಡದೆಂಬ ಹಸಿರು ನ್ಯಾಯಮಂಡಳಿಯ ಆಜ್ಞೆಯನ್ನು 2018ರಲ್ಲಿ ಸುಪ್ರೀಂ ಕೋರ್ಟು ಸ್ಥಿರಪಡಿಸಿತು. ಆಮೇಲಿನ ಆಜ್ಞೆಗಳ ಕಥೆ ಬೇರೆ. ಐವತ್ತು ವರ್ಷ ದಾಟಿ, ಮೂಲರೂಪ ಕೆಡದ ವಾಹನಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯನ್ನು ಕೇಂದ್ರ ಸರ್ಕಾರ 2021ರಲ್ಲಿ ಏರ್ಪಡಿಸಿದೆ. ಆ ಕಾಗದಪತ್ರದ ಕೆಲಸ ಮೈಸೂರಿನಲ್ಲಿರುವ ಚಿಕ್ಕಪ್ಪನದೆಂದೂ ಎಂಜಿನ್ನಿನ ಕೆಲಸ ನನ್ನದೆಂದೂ ತೀರ್ಮಾನವಾಯಿತು.

ಈಗ ನನ್ನ ತಪ್ಪಿನ ವಿಷಯ. 2009ರಲ್ಲಿ ಎಂಜಿನ್ನು ಸೊರಗಿತ್ತು. ಅಣ್ಣ ಊರಿನಲ್ಲಿರಲಿಲ್ಲ. ನಾನು ಅಂಗಡಿಗೆ ಹೋಗಿ, ಪೆಟ್ಟಿಗೆಯ ಮೇಲೆ 0.50 ಎಂದು ಬರೆದಿದ್ದ ಒಂದು ಪಿಸ್ಟನ್ನು ಕೊಂಡು, ಸಿಲಿಂಡರನ್ನೂ ಅದನ್ನೂ ಒಂದು ವರ್ಕ್‌ಷಾಪಿನಲ್ಲಿ ಕೊಟ್ಟು, "ಐವತ್ತರ ಬೋರ್ ಹಾಕಿ" ಎಂದು ಹೇಳಿ ಬಂದೆ. ಅವರು ಹಾಕಿದರು. ಮೂರನೆಯ ವಾರ, ಜೂನ್ ತಿಂಗಳ ಬಿಸಿಲಿನಲ್ಲಿ, ಶಂಕರ್ ರೋಡಿನಿಂದ ರಿಡ್ಜ್ ಕಾಡಿನ ಏರು ಹತ್ತುತ್ತಿರುವಾಗ ಎಂಜಿನ್ನು ಒಮ್ಮೆ 'ಕೀಚ್' ಎಂದು ಹಿಂದಿನ ಚಕ್ರವನ್ನು ಕಚ್ಚಿ ಹಿಡಿಯಿತು. ಕ್ಲಚ್ಚು ಒತ್ತಿದ್ದರಿಂದ ನಾನು ಬಿದ್ದುಹೋಗದೆ ಉಳಿದೆ. ಪಿಸ್ಟನ್ನು ಸಿಲಿಂಡರಿನೊಳಗೆ ಹಿಗ್ಗಿ ಸಿಕ್ಕಿಕೊಂಡಿತ್ತು. ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ಇದಕ್ಕೆ 'ಸೀಜ್ ಆಗುವುದು' ಎಂದು ಹೆಸರು.

ಹೀಗೇಕಾಯಿತೆಂಬುದು ಸ್ಕೂಟರಿದ್ದವರಿಗೂ, ಊರಿನ ತೋಟದಲ್ಲಿ ಪಂಪಿನ ಎಂಜಿನ್ನು ಇಟ್ಟವರಿಗೂ, ಕರೆಂಟು ಹೋದಾಗ ನಡೆಸುವ ಸಣ್ಣ ಜನರೇಟರು ಇರುವವರಿಗೂ ಉಪಯೋಗವಾದೀತೆಂದು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಸಿಲಿಂಡರ್ ಎಂದರೆ ಬೀಡುಕಬ್ಬಿಣದ ಕೊಳವೆ. ಅದರೊಳಗೆ ಅಲ್ಯೂಮಿನಿಯಮ್ಮಿನ ಪಿಸ್ಟನ್ನು ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಆಡುತ್ತದೆ. ಜಾವಾ 250ರಲ್ಲಿ ಕೊಳವೆಯ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಕಾಲಕ್ರಮದಲ್ಲಿ ಕೊಳವೆ ಸವೆದು ಅಗಲವಾಗುತ್ತದೆ, ಅದೂ ಒಂದೇ ಸಮನಾಗಿ ಅಲ್ಲ. ಮೇಲುಗಡೆ, ಉಂಗುರಗಳು ತಿರುಗಿ ಇಳಿಯುವ ಜಾಗದಲ್ಲಿ ಹೆಚ್ಚು, ಕೆಳಗೆ ಕಡಮೆ. ಪಿಸ್ಟನ್ನು ವಾಲಿ ಒತ್ತುವ ಮುಂದಣ ಹಿಂದಣ ಗೋಡೆಗಳಲ್ಲಿ ಹೆಚ್ಚು, ಪಕ್ಕಗಳಲ್ಲಿ ಕಡಮೆ. ಹೀಗೆ ಸೊಟ್ಟಗಾದ ಕೊಳವೆಗೆ ಮೊದಲಿನ ಅಳತೆಯ ಹೊಸ ಪಿಸ್ಟನ್ನು ಹಾಕಿದರೆ ಅದು ಗಡಗಡ ಸದ್ದು ಮಾಡುತ್ತದೆಯೇ ಹೊರತು ದುಡಿಯುವುದಿಲ್ಲ. ಆದುದರಿಂದ ಕೊಳವೆಯನ್ನು ಸ್ವಲ್ಪ ದೊಡ್ಡದಾಗಿ ಕೊರೆದು ಮತ್ತೆ ಗುಂಡಗೆ ಮಾಡಿ, ಅದಕ್ಕೆ ತಕ್ಕ ದಪ್ಪ ಪಿಸ್ಟನ್ನು ಹಾಕುವುದು ಪದ್ಧತಿ. ಇದೇ 'ಬೋರ್ ಹಾಕಿಸುವುದು'. ದಪ್ಪ ಪಿಸ್ಟನ್ನುಗಳು ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಮೆಟ್ಟಿಲಲ್ಲಿ ಬರುತ್ತವೆ: 65.25, 65.50, 65.75, 66.00. ಹಳೆಯ ಮಿಸ್ತ್ರಿಗಳು ಇದನ್ನೇ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು 'ಥೌ' ಎನ್ನುತ್ತಾರೆ. ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು. ಹತ್ತು ಥೌ ಹೆಚ್ಚುಕಡಮೆ ಕಾಲು ಮಿಲಿಮೀಟರು.

ಪಿಸ್ಟನ್ನು ಕೊಳವೆಯಲ್ಲಿ ಬಿಗಿಯಾಗಿ ಕೂರಬಾರದು, ನಡುವೆ ಒಂದಿಷ್ಟು ಸಂದು ಬೇಕು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವ ಲೋಹ. 65 ಮಿಲಿಮೀಟರ್ ಪಿಸ್ಟನ್ನು ನೂರು ಡಿಗ್ರಿ ಕಾವೇರಿದರೆ 0.13ರಷ್ಟು ದಪ್ಪವಾಗುತ್ತದೆ, ಕೊಳವೆ ಅದರ ಅರ್ಧದಷ್ಟು ಮಾತ್ರ ಅಗಲವಾಗುತ್ತದೆ. ಗಾಳಿಯಿಂದಲೇ ತಣಿಯುವ ಇಂಥ ಹಳೆಯ ಎಂಜಿನ್ನುಗಳಿಗೆ ವ್ಯಾಸದ ಸಾವಿರದಲ್ಲೊಂದು ಪಾಲಿನ ಆಸುಪಾಸು, ಎಂದರೆ 0.06 ಅಥವಾ 0.07, ಸಂದು ಬಿಡುವುದು ರೂಢಿ. ತಯಾರಿಸಿದವರ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಪ್ರಮಾಣ.

ಪೆಟ್ಟಿಗೆಯ ಮೇಲಿನ 0.50 ಎಂಬ ಅಂಕಿ ನನ್ನನ್ನು ಮೋಸಗೊಳಿಸಿದ್ದು ಇಲ್ಲಿಯೇ. ಕೆಲವು ತಯಾರಕರು ಸಂದನ್ನು ಮೊದಲೇ ಕಳೆದು, 65.44ರ ಪಿಸ್ಟನ್ನು ಮಾಡಿ, ಅದರ ಮೇಲೆ 0.50 ಎಂದು ಒತ್ತುತ್ತಾರೆ. ಅದಕ್ಕೆ ಕೊಳವೆಯನ್ನು ಸರಿಯಾಗಿ 65.50ಕ್ಕೆ ಕೊರೆಯಬೇಕು. ಇನ್ನು ಕೆಲವರ ಪಿಸ್ಟನ್ನು ನಿಜವಾಗಿಯೇ 65.50 ಇರುತ್ತದೆ, ಅದಕ್ಕೆ ಕೊಳವೆ 65.56 ಬೇಕು. ನಾನು ಕೊಂಡದ್ದು ಎರಡನೆಯ ಜಾತಿಯದು. ವರ್ಕ್‌ಷಾಪಿನವರು ಕೊರೆದದ್ದು ಮೊದಲನೆಯ ಜಾತಿಗೆ, 65.52ಕ್ಕೆ. ಪಿಸ್ಟನ್ನನ್ನು ಅಳೆಯಿರೆಂದು ನಾನು ಹೇಳಲಿಲ್ಲ, ಅವರೂ ಅಳೆಯಲಿಲ್ಲ. ತಣ್ಣಗಿರುವಾಗ ಕೈಯಿಂದ ಸಲೀಸಾಗಿ ಜಾರಿದ ಪಿಸ್ಟನ್ನು ಏರಿನ ಕಾವಿಗೆ ಹಿಗ್ಗಿ ಗೋಡೆಗೆ ಅಂಟಿಕೊಂಡಿತು.

ಅಳೆಯುವುದಕ್ಕೂ ಒಂದು ಕ್ರಮವುಂಟು. ಪಿಸ್ಟನ್ನು ನೋಡಲು ಗುಂಡಗಿದ್ದರೂ ಗುಂಡಗಿಲ್ಲ. ನೆತ್ತಿ ಹೆಚ್ಚು ಕಾಯುವುದರಿಂದ ಅಲ್ಲಿ ಸಣ್ಣಗೆ ಮಾಡಿರುತ್ತಾರೆ. ಪಿನ್ನು ತೂರುವ ದಿಕ್ಕಿನಲ್ಲಿಯೂ ತುಸು ಚಪ್ಪಟೆ. ಅತಿ ದಪ್ಪವಿರುವುದು ಕೆಳಗಣ ಲಂಗದ ಬಳಿ, ಪಿನ್ನಿಗೆ ಅಡ್ಡಲಾದ ದಿಕ್ಕಿನಲ್ಲಿ. ಮೈಕ್ರೋಮೀಟರ್ ಹಿಡಿಯತಕ್ಕದ್ದು ಅಲ್ಲಿ. ನೆತ್ತಿಯನ್ನು ಅಳೆದು ಪಿಸ್ಟನ್ನು ಸಣ್ಣದಾಯಿತೆಂದು ಅಂಗಡಿಯವನೊಡನೆ ಜಗಳವಾಡಿದವರನ್ನು ನಾನು ಕಂಡಿದ್ದೇನೆ.

ಹದಿನಾರು ವರ್ಷದ ಮೇಲೆ ಸಿಲಿಂಡರ್ ಕಳಚಿದಾಗ ಎಕ್ಸಾಸ್ಟ್ ಕಡೆಯ ಗೋಡೆಯಲ್ಲಿ ಬೆರಳಗಲದ ಬೂದು ಬಣ್ಣದ ಗಾಯ ಕಂಡಿತು. ಅಣ್ಣ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. "ಗಾಬರಿಯಾಗಬೇಡ, ಅದರಲ್ಲಿ ಅರ್ಧ ಗಾಯ ಅಲ್ಲ, ಮೆತ್ತಿಕೊಂಡಿರುವ ಅಲ್ಯೂಮಿನಿಯಂ" ಎಂದರು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ, ಕಬ್ಬಿಣದ ತಂಟೆಗೆ ಹೋಗುವುದಿಲ್ಲ. ಕೈಗೆ ರಬ್ಬರಿನ ಚೀಲ ಹಾಕಿಕೊಂಡು, ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಂಡು, ಬಟ್ಟೆಯ ಉಂಡೆಯಿಂದ ಅದನ್ನು ಸವರಿ ತೊಳೆದೆ. ಮೆತ್ತಿದ್ದು ಹೋಯಿತು. ಕೆಳಗೆ ನಿಜವಾದ ಗೀರು ಉಳಿಯಿತು.

ಆಮೇಲೆ ಅಣ್ಣ ಒಂದು ಹಳೆಯ ಉಪಾಯ ತೋರಿಸಿದರು. ಬೋರ್ ಗೇಜಿಲ್ಲದ ಮನೆಯಲ್ಲಿ ಸವೆತ ತಿಳಿಯಲು ಇದು ಸಾಕು. ಪಿಸ್ಟನ್ನಿನ ಹಳೆಯ ಉಂಗುರವೊಂದನ್ನು ಕೊಳವೆಯೊಳಗೆ ಇಟ್ಟು, ಓರೆಯಾಗದಂತೆ ಪಿಸ್ಟನ್ನಿನ ನೆತ್ತಿಯಿಂದಲೇ ತಳ್ಳಿ, ಉಂಗುರದ ಎರಡು ತುದಿಗಳ ನಡುವಣ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಕೆಳಗೆ, ಸವೆಯದ ಜಾಗದಲ್ಲಿ ಒಮ್ಮೆ. ಮೇಲೆ, ಹೆಚ್ಚು ಸವೆಯುವ ಜಾಗದಲ್ಲಿ ಒಮ್ಮೆ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ವ್ಯಾಸ ಎಷ್ಟು ಹೆಚ್ಚಿದೆಯೆಂದು ಸಿಕ್ಕುತ್ತದೆ. ನಮಗೆ ಕೆಳಗೆ 0.35, ಮೇಲೆ 0.41 ಬಂತು. ವ್ಯತ್ಯಾಸ 0.06, ಸವೆತ ಹೆಚ್ಚೆಂದರೆ 0.02. ಮೂರೇ ವಾರ ಓಡಿದ ಬೋರಿಗೆ ಇದು ಸಹಜವಷ್ಟೆ. ಏಳನೆಯ ತರಗತಿಯ ಮಗ ಪಕ್ಕದಲ್ಲಿ ಕುಳಿತು ಲೆಕ್ಕ ಮಾಡಿದ. ಶಾಲೆಯಲ್ಲಿ ಕಲಿತ 'ಪೈ' ಮನೆಯ ಕೆಲಸಕ್ಕೆ ಬಂದದ್ದು ಅವನಿಗೆ ಅದೇ ಮೊದಲು.

ಹಾಗಾದರೆ ಉಳಿದದ್ದು ಗೀರಿನ ಪ್ರಶ್ನೆ. ಅದು ಎಷ್ಟು ಆಳ? 65.75ರ ಬೋರಿನಲ್ಲಿ ಹೋದೀತೇ, 66.00ಕ್ಕೇ ಹಾರಬೇಕೇ? ಈ ಸಿಲಿಂಡರಿಗೆ ಪೇಟೆಯಲ್ಲಿ ನಮಗೆ ಸಿಕ್ಕುವ ಕೊನೆಯ ಅಳತೆ 66.00. ಅದೂ ಮುಗಿದರೆ ಹೊಸ ಸ್ಲೀವ್ ಕೂರಿಸಿ ಮತ್ತೆ 65ರಿಂದ ಆರಂಭಿಸಬೇಕು. ಅದನ್ನು ಸೊಗಸಾಗಿ ಮಾಡುವವರೂ ಇದ್ದಾರೆ. ಆದರೆ ಪೋರ್ಟುಗಳ ಕಿಟಕಿಗಳನ್ನು ಹೊಸ ಸ್ಲೀವಿನಲ್ಲಿ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕತ್ತರಿಸಬೇಕು, ಎಲ್ಲರ ಕೈಗೂ ಬರುವ ಕೆಲಸವಲ್ಲ.

ಸಿಲಿಂಡರನ್ನು ಚೀಲದಲ್ಲಿಟ್ಟುಕೊಂಡು ಕರೋಲ್ ಬಾಗಿಗೆ ನಡೆದೆ. ಮೋಟಾರ್ ಸೈಕಲ್ಲಿನ ಸಾಮಾನಿಗೆ ಅಲ್ಲಿಯ ನಾಯಿವಾಲಾ ಗಲ್ಲಿ ಪ್ರಸಿದ್ಧ. ದೆಹಲಿಗೆ ಹೊಸದಾಗಿ ಬಂದ ಕನ್ನಡಿಗರು ಆ ಹೆಸರು ಕೇಳಿ ನಾಯಿ ಮಾರುವ ಬೀದಿಯೆಂದು ತಿಳಿಯುವುದುಂಟು. ಹಿಂದಿಯಲ್ಲಿ 'ನಾಯಿ' ಎಂದರೆ ಕ್ಷೌರಿಕ. ಅಣ್ಣ 1974ರಲ್ಲಿ ನಮ್ಮಮ್ಮನಿಗೆ ಅಲ್ಲೊಂದು ನಾಯಿಮರಿ ತಂದುಕೊಡುವೆನೆಂದು ಹೇಳಿದ್ದರಂತೆ.

ಅಂಗಡಿಯಾತ ಸಿಲಿಂಡರನ್ನು ಬೆಳಕಿಗೆ ಹಿಡಿದು ನೋಡಿ, "ಒಂದೇ ಸಲ ನಲವತ್ತು ಹಾಕಿಸಿಬಿಡಿ. ಪಿಸ್ಟನ್ ಇಲ್ಲೇ ಇದೆ, ಮೂವತ್ತರದ್ದು ಸಿಕ್ಕುವುದಿಲ್ಲ" ಎಂದ. ಮಾತು ಆಕರ್ಷಕವಾಗಿತ್ತು. ಪಿಸ್ಟನ್ನು ಕೈಯಲ್ಲಿದೆ, ಗೀರು ಖಂಡಿತ ಹೋಗುತ್ತದೆ, ಎಂಜಿನ್ನೂ ದೊಡ್ಡದಾಗುತ್ತದೆ. ಎಷ್ಟು ದೊಡ್ಡದು? ಲೆಕ್ಕ ಹಾಕಿದರೆ 65ಕ್ಕೆ 248.9 ಘನ ಸೆಂಟಿಮೀಟರು, 66ಕ್ಕೆ 256.6. ನೂರಕ್ಕೆ ಮೂರು. ಚಾಮುಂಡಿ ಬೆಟ್ಟದ ರಸ್ತೆಗೆ ಅದರ ಸುಳಿವೂ ಹತ್ತುವುದಿಲ್ಲ. ಫೋನಿನಲ್ಲಿ ಅಣ್ಣನನ್ನು ಕೇಳಿದೆ. "ಅಳತೆ ತೆಗೆಸಿದೆಯಾ?" ಎಂದರು. "ಇಲ್ಲ" ಎಂದೆ. "ಮತ್ತೆ ಅದೇ ಕೆಲಸ ಮಾಡುತ್ತಿದ್ದೀಯಲ್ಲಪ್ಪ" ಎಂದು ಫೋನಿಟ್ಟರು.

ನಾಲ್ಕು ಗಲ್ಲಿ ಆಚೆ ಒಬ್ಬ ಮುದುಕ ಸರ್ದಾರ್‌ಜಿಯ ಲೇತಿನಂಗಡಿ ಸಿಕ್ಕಿತು. ಆತ ಗೇಜನ್ನು ಕೊಳವೆಯಲ್ಲಿಳಿಸಿ ಮೇಲೆ, ನಡುವೆ, ಕೆಳಗೆ, ಪ್ರತಿಯೊಂದು ಕಡೆಯೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ, ಆರು ಅಳತೆ ತೆಗೆದು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದ. ಸವೆದ ಕಡೆ 65.54. ಗೀರು ಅಗಲವಾಗಿದ್ದುದರಿಂದ ಗೇಜಿನ ಮೂತಿ ಅದರೊಳಗೆ ಕುಳಿತಿತು. ಅಲ್ಲಿ 65.63.

"ಸರಿಹೋಯಿತು ಉಸ್ತಾದ್‌ಜಿ, 65.75ಕ್ಕೆ ಇನ್ನೂ ಹನ್ನೆರಡು ಪಾಯಿಂಟು ಜಾಗವಿದೆ" ಎಂದೆ.

ಆತ ನಕ್ಕ. "ಬಾಬೂಜಿ, ಗೀರು ಒಂದೇ ಕಡೆ ಇದೆ. ನನ್ನ ಉಳಿ ಸುತ್ತಲೂ ತಿರುಗುತ್ತದೆ. ಆ ಕಡೆ ಒಂಬತ್ತು ತೆಗೆಯಬೇಕಾದರೆ ಈ ಕಡೆಯೂ ಒಂಬತ್ತು ತೆಗೆಯಬೇಕಲ್ಲ?"

ಒಂಬತ್ತೂ ಒಂಬತ್ತೂ ಹದಿನೆಂಟು. 65.54ಕ್ಕೆ 0.18 ಕೂಡಿಸಿದರೆ 65.72. ಉಳಿದ ಜಾಗ ಹನ್ನೆರಡಲ್ಲ, ಮೂರು. ಉಳಿಯನ್ನು ಗೀರಿನ ಕಡೆಗೇ ಸರಿಸಿ ಕೊರೆದರೆ ಕಡಮೆ ಲೋಹ ಹೋಗುತ್ತದೆ ನಿಜ. ಆದರೆ ಆಗ ಕೊಳವೆಯ ನಡುಗೆರೆ ಜಾಗ ಬಿಟ್ಟು ಪಿಸ್ಟನ್ನು ಜೀವಮಾನವೆಲ್ಲ ಒಂದು ಗೋಡೆಯನ್ನು ಒತ್ತುತ್ತಿರುತ್ತದೆ. ಅಂಥ ಕೆಲಸ ತಾನು ಮಾಡುವುದಿಲ್ಲವೆಂದ.

"ಹಾಗಾದರೆ ನಲವತ್ತೇ?"

"ಮೂವತ್ತರ ಪಿಸ್ಟನ್ ತನ್ನಿ. ಅದನ್ನು ಅಳೆದ ಮೇಲೆ ಹೇಳುತ್ತೇನೆ. ಪಿಸ್ಟನ್ ನೋಡದೆ ನಾನು ಮೆಷೀನಿಗೆ ಕೈ ಹಾಕುವುದಿಲ್ಲ."

ಎರಡು ಶನಿವಾರ ಕಶ್ಮೀರಿ ಗೇಟಿನ ಮೋಟಾರ್ ಸಾಮಾನಿನ ಅಂಗಡಿಗಳನ್ನು ಸುತ್ತಿದೆ. ಸುತ್ತುವಾಗ ತಿಳಿದದ್ದು: 65.75 ಎಂದು ಬರೆದಿದ್ದ ಮಾತ್ರಕ್ಕೆ ನಮ್ಮ ಪಿಸ್ಟನ್ನಾಗುವುದಿಲ್ಲ. ಪಿನ್ನಿನ ದಪ್ಪ, ಪಿನ್ನಿನಿಂದ ನೆತ್ತಿಯವರೆಗಿನ ಎತ್ತರ, ನೆತ್ತಿಯ ಆಕಾರ, ಲಂಗದಲ್ಲಿ ಕತ್ತರಿಸಿದ ಕಿಟಕಿಗಳು, ಇಷ್ಟೂ ಹಳೆಯದಕ್ಕೆ ಹೊಂದಬೇಕು. ಒಂದೇ ವ್ಯಾಸದ ಬೇರೆ ಮಾದರಿಯದನ್ನು ಹಾಕಿದರೆ ಪೋರ್ಟು ತೆರೆಯುವ ಹೊತ್ತೇ ತಪ್ಪಿ ಎಂಜಿನ್ನು ಉಸಿರುಗಟ್ಟುತ್ತದೆ. ಹಳೆಯ ಪಿಸ್ಟನ್ನನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಬೇಕೆಂದು ಅಣ್ಣ ಹೇಳಿದ್ದು ಇದಕ್ಕೆ. ಎರಡನೆಯ ಶನಿವಾರ ಒಂದು ಮಹಡಿಯ ಮೂಲೆಯಲ್ಲಿ, ಮೇಣದ ಕಾಗದ ಸುತ್ತಿದ ಪಿಸ್ಟನ್ನು, ಅದೇ ಅಳತೆಯ ಉಂಗುರಗಳ ಸಮೇತ ಸಿಕ್ಕಿತು. ಉಂಗುರಗಳೂ 0.75ರವೇ ಆಗಿರಬೇಕು, ಹಳೆಯ ಉಂಗುರ ದೊಡ್ಡ ಬೋರಿನಲ್ಲಿ ಬಾಯಿ ಬಿಟ್ಟುಕೊಂಡಿರುತ್ತದೆ.

ಸರ್ದಾರ್‌ಜಿ ಲಂಗದ ಬಳಿ ಮೈಕ್ರೋಮೀಟರ್ ಹಿಡಿದ. 65.69. ಸಂದು 0.06 ಬಿಟ್ಟರೆ ಬೋರು ಸರಿಯಾಗಿ 65.75. ಗೀರು ಕಳೆಯುವುದು 65.72ಕ್ಕೆ. "ಆಗುತ್ತದೆ" ಎಂದ. 65.71ರವರೆಗೆ ಉಳಿಯಿಂದ ಕೊರೆದು, ಉಳಿದ ನಾಲ್ಕು ಪಾಯಿಂಟನ್ನು ಹೋನಿಂಗ್ ಕಲ್ಲಿನಿಂದ ಉಜ್ಜುವುದೆಂದು ಗೊತ್ತು ಮಾಡಿದ. ಹೋನಿಂಗ್ ಎಂಬುದು ಬರಿಯ ಒಪ್ಪವಲ್ಲ. ಅದು ಗೋಡೆಯ ಮೇಲೆ ಓರೆಯಾಗಿ ಹೆಣೆದ ಸಣ್ಣ ಗೆರೆಗಳನ್ನು ಬಿಡುತ್ತದೆ. ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲಿ. ಕನ್ನಡಿಯಂತೆ ಹೊಳೆಯುವ ಬೋರಿನಲ್ಲಿ ಎಣ್ಣೆ ನಿಲ್ಲುವುದಿಲ್ಲ.

ನಾನು ಕೆಲಸ ಮುಗಿಯುವವರೆಗೂ ಅಲ್ಲಿಯೇ ನಿಂತಿದ್ದೆ. ಉಳಿ ಹೊರಬಂದಾಗ ಗೋಡೆಯಲ್ಲಿ ಕೂದಲಿನಂಥ ಒಂದು ಗೆರೆ ಇನ್ನೂ ಉಳಿದಿತ್ತು. ನನ್ನ ಎದೆ ಧಸಕ್ಕೆಂದಿತು. ಕಲ್ಲು ತಿರುಗಿತು, ಸೀಮೆಎಣ್ಣೆ ಸುರಿಯಿತು, ಆತ ಬಟ್ಟೆಯಿಂದ ಒರಸಿ ಕೊಳವೆಯನ್ನು ಬಾಗಿಲಿನ ಬೆಳಕಿಗೆ ಹಿಡಿದ. ಗೆರೆ ಇರಲಿಲ್ಲ. ಕೊನೆಗೆ ಪೋರ್ಟುಗಳ ಚೂಪು ಅಂಚುಗಳನ್ನು ಅರದಿಂದ ನಯವಾಗಿ ಸವರಿದ. ಬೋರ್ ಹಾಕಿದ ಮೇಲೆ ಈ ಅಂಚುಗಳು ಬ್ಲೇಡಿನಂತಿರುತ್ತವೆ; ಹಾಗೆಯೇ ಬಿಟ್ಟರೆ ಉಂಗುರ ಸಿಕ್ಕಿ ಮುರಿಯುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಬೋರ್ ಹಾಕಿಸಿದವರು ಇದನ್ನು ಬೆರಳಾಡಿಸಿ ನೋಡಿಯೇ ತರಬೇಕು.

ಈಗಿನ ಗಾಡಿಗಳ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಬ್ಬಿಣದ ಲೈನರ್ ಇರುವ ಎಂಜಿನ್ನಿಗೆ ಮೇಲಿನ ಕ್ರಮವೆಲ್ಲ ಅನ್ವಯಿಸುತ್ತದೆ. ಆದರೆ ಅಲ್ಯೂಮಿನಿಯಂ ಗೋಡೆಗೆ ನಿಕಲ್ಲಿನ ಗಟ್ಟಿ ಲೇಪ ಕೊಟ್ಟ ಸಿಲಿಂಡರುಗಳೂ ಬಂದಿವೆ. ಅವನ್ನು ಮಾಮೂಲಿನಂತೆ ಕೊರೆದರೆ ಲೇಪವೇ ಹೋಗುತ್ತದೆ. ಅಯಸ್ಕಾಂತ ಒಳಗೋಡೆಗೆ ಅಂಟದಿದ್ದರೆ ಲೇತಿನಂಗಡಿಗೆ ಹೋಗುವ ಮುನ್ನ ಸರ್ವೀಸ್ ಪುಸ್ತಕವನ್ನು ತೆಗೆದು ನೋಡುವುದು ಒಳ್ಳೆಯದು.

ಜೋಡಿಸುವ ದಿನ ಅಣ್ಣ ಮತ್ತೆ ಕುರ್ಚಿ ಹಾಕಿಸಿಕೊಂಡರು. ಪಿಸ್ಟನ್ನಿನ ನೆತ್ತಿಯ ಬಾಣ ಎಕ್ಸಾಸ್ಟ್ ಕಡೆಗಿದೆಯೇ ಎಂದು ಎರಡು ಸಲ ಕೇಳಿದರು. ಉಂಗುರದ ತುದಿಗಳು ಗಾಡಿಯಲ್ಲಿನ ಸಣ್ಣ ಮೊಳೆಗಳಿಗೆ ಸರಿಯಾಗಿ ಕೂತಿವೆಯೇ ಎಂದು ಕನ್ನಡಕ ತೆಗೆದು ಬಗ್ಗಿ ನೋಡಿದರು. ಪಿನ್ನಿನ ಹಳೆಯ ಕ್ಲಿಪ್ಪುಗಳನ್ನು ನಾನು ಮತ್ತೆ ಹಾಕಲು ಹೊರಟಾಗ ಕೈ ಹಿಡಿದು ಹೊಸವನ್ನೇ ಹಾಕಿಸಿದರು.

ಆರನೆಯ ಒದೆತಕ್ಕೆ ಎಂಜಿನ್ನು ಹತ್ತಿತು. ಎರಡು ಕೊಳವೆಗಳಿಂದಲೂ ಬಿಳಿ ಹೊಗೆ. ಪಕ್ಕದ ಮನೆಯ ಓದುವ ಹುಡುಗರು ಪುಸ್ತಕ ಹಿಡಿದುಕೊಂಡೇ ಬಾಲ್ಕನಿಗೆ ಬಂದರು. ಎರಡು ನಿಮಿಷ ನಡೆಸಿ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಸ್ವಲ್ಪ ಹೆಚ್ಚು ಹೊತ್ತು ನಡೆಸಿ, ಹೀಗೆ ಮೂರು ಸಲ ಮಾಡಿದೆವು. ರಸ್ತೆಯ ಮೇಲೆ ಪಳಗಿಸುವುದು ಮೈಸೂರಿನಲ್ಲಿ ಆಗಬೇಕು; ಮೊದಲ ಕೆಲವು ನೂರು ಮೈಲಿ ಬೆಟ್ಟ ಹತ್ತಿಸಕೂಡದೆಂದು ಚಿಕ್ಕಪ್ಪನಿಗೆ ಕಾಗದ ಬರೆದಿದ್ದೇನೆ. ಅಮ್ಮ ಒಳಗಿನಿಂದ, "ಈ ಸದ್ದು ಕೇಳಿ ಎಷ್ಟು ವರ್ಷವಾಯಿತು" ಎಂದರು. ಅಣ್ಣ ಏನೂ ಮಾತನಾಡಲಿಲ್ಲ. ತಲೆ ವಾಲಿಸಿಕೊಂಡು ಕೇಳುತ್ತಿದ್ದರು.

ಗಾಡಿ ಮುಂದಿನ ವಾರ ನಿಜಾಮುದ್ದೀನ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿಗೆ ಹೋಗುತ್ತದೆ. ಪೆಟ್ರೋಲ್ ಪೂರ್ತಿ ಬಸಿದಿದ್ದಾಯಿತು, ಗೋಣಿತಟ್ಟು ತಂದದ್ದಾಯಿತು. ನಿನ್ನೆ ಅಣ್ಣ ಒಂದು ಚೀಟಿ ಬರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸಾಮಾನಿನ ಡಬ್ಬದೊಳಗೆ ಅಂಟಿಸಿದರು. ಪಿಸ್ಟನ್ 65.69, ಬೋರ್ 65.75, ತಾರೀಖು, ಕೆಳಗೆ ನನ್ನ ಮಗನ ಹೆಸರು. ಅದರ ಕೆಳಗೆ ಇನ್ನೊಂದು ಸಾಲು: "66.00 ಬಾಕಿ ಇದೆ."